ವಿಶೇಷ ಅಗತ್ಯದ ಮಗುವಿಗೆ ಕಲಿಸುವುದು ಶಾಲೆಯಲ್ಲಿ ಯಾರ ಕೆಲಸ?

ಕುಮಟಾ ತಾಲ್ಲೂಕಿನ ತಾಯಿಯೊಬ್ಬರು ಕೇಳಿದ್ದಾರೆ: "ನನ್ನ ಮಗ ಸರಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಕಥೆ ಹೇಳಿದರೆ ಒಂದೂ ಬಿಡದೆ ತಿರುಗಿ ಹೇಳುತ್ತಾನೆ. ಅಂಗಡಿ ಲೆಕ್ಕ ಬಾಯಲ್ಲೇ ಮಾಡುತ್ತಾನೆ. ಓದು, ಬರಹ ಮಾತ್ರ ಹತ್ತುತ್ತಿಲ್ಲ. ಅಕ್ಕೋರನ್ನು ಕೇಳಿದರೆ 'ಬಿಐಇಆರ್‌ಟಿ (ತಾಲ್ಲೂಕಿನ ವಿಶೇಷ ಶಿಕ್ಷಕರು) ಬಂದಾಗ ನೋಡ್ತಾರೆ' ಅಂತಾರೆ. ಅವರು ಬರುವುದೇ ಅಪರೂಪ. ಹಾಗಾದರೆ ಅವನಿಗೆ ಕಲಿಸುವುದು ಯಾರ ಕೆಲಸ?"

ತರಗತಿಯ ಶಿಕ್ಷಕರದ್ದು. ಉಳಿದವರೆಲ್ಲ ಅವರಿಗೆ ನೆರವಾಗುವವರು.

ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಪ್ರತಿ ಮಗುವಿನ ಕಲಿಕೆಯ ಮಟ್ಟ ನೋಡಿ, ಬೇಕಾದರೆ ಹೆಚ್ಚುವರಿ ಪಾಠ ಹೇಳಿಕೊಡಬೇಕು. ಮಗುವಿನ ಪ್ರಗತಿಯ ಬಗ್ಗೆ ಪಾಲಕರ ಜೊತೆ ಆಗಾಗ ಕೂತು ಮಾತಾಡಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಇನ್ನೂ ನೇರವಾಗಿದೆ. ಕಲಿಕೆಯ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕ ಹಾಗೆ ಕಲಿಸುವ ಹೊಣೆ ಶಾಲೆಯದ್ದು. ಸರಕಾರಿ ಶಾಲೆಗೆ ಮಾತ್ರ ಅಂದುಕೊಳ್ಳಬೇಡಿ. ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಇದೇ ಮಾತು.

ಹಾಗಂತ ಅಕ್ಕೋರ ಮೇಲೆ ಏಕಾಏಕಿ ಸಿಟ್ಟಾಗುವುದೂ ಸರಿಯಲ್ಲ. ನಮ್ಮ ಕಡೆಯ ಎಷ್ಟೋ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇರುವುದೇ ಒಬ್ಬಿಬ್ಬರು ಶಿಕ್ಷಕರು. ಒಂದರಿಂದ ಮೂರನೇ ತರಗತಿವರೆಗೆ ನಲಿಕಲಿಯಲ್ಲಿ ಒಟ್ಟಿಗೆ ಕೂರಿಸಬೇಕು. ನಡುವೆ ಬಿಸಿಯೂಟದ ಲೆಕ್ಕ, ಆನ್‌ಲೈನಿನಲ್ಲಿ ಮಕ್ಕಳ ವಿವರ ತುಂಬುವ ಸ್ಯಾಟ್ಸ್ ಎಂಟ್ರಿ, ಗಣತಿ. ಅದರ ಜೊತೆಗೆ ಪ್ರತ್ಯೇಕ ಪಾಠ ಎಂದರೆ ಯಾರಿಗಾದರೂ ಕಷ್ಟವೇ. ಆದರೆ ಇಂಥ ಮಗುವಿಗೆ ಬೇಕಾಗುವ ಸಹಾಯದಲ್ಲಿ ಹೆಚ್ಚಿನದಕ್ಕೆ ಪ್ರತ್ಯೇಕ ಪೀರಿಯಡ್ ಬೇಕಿಲ್ಲ. ಹಲಗೆಯ ಮೇಲೆ ಬರೆದದ್ದನ್ನು ಓದಿ ಹೇಳುವುದು, ಇಡೀ ಪುಟ ನಕಲು ಮಾಡಿಸುವ ಬದಲು ನಾಲ್ಕು ಸಾಲು ಬರೆಸುವುದು, ಕಿರುಪರೀಕ್ಷೆಯನ್ನು ಬಾಯಲ್ಲೇ ಕೇಳುವುದು, ಎಲ್ಲರೆದುರು ಎದ್ದು ನಿಂತು ಓದು ಎನ್ನದಿರುವುದು. ಕೊನೆಯದಕ್ಕಂತೂ ಒಂದು ನಿಮಿಷವೂ ಖರ್ಚಾಗುವುದಿಲ್ಲ, ಅಲ್ವಾ?

ಬಿಐಇಆರ್‌ಟಿ ಅಂದರೆ ಸಮಗ್ರ ಶಿಕ್ಷಣ ಯೋಜನೆಯಡಿ ತಾಲ್ಲೂಕು ಮಟ್ಟದಲ್ಲಿರುವ ವಿಶೇಷ ಸಂಪನ್ಮೂಲ ಶಿಕ್ಷಕರು. ಕೂರುವುದು ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ತಿರುಗುವುದು ಇಡೀ ತಾಲ್ಲೂಕು. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣದ ಜವಾಬ್ದಾರಿಯೂ ಅವರ ಮೇಲೇ ಇದೆ. ಅವರು ಬಂದು ಮಗುವನ್ನು ಪರೀಕ್ಷಿಸುತ್ತಾರೆ, ಹೇಗೆ ಕಲಿಸಬೇಕೆಂದು ಶಿಕ್ಷಕರಿಗೂ ಪಾಲಕರಿಗೂ ತೋರಿಸುತ್ತಾರೆ, ವೈದ್ಯಕೀಯ ಶಿಬಿರಕ್ಕೆ ಕಳಿಸುತ್ತಾರೆ. ಹೇಳಿಹೋದದ್ದನ್ನು ದಿನದಿನ ಮಾಡಬೇಕಾದವರು ತರಗತಿಯಲ್ಲಿರುವವರೇ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ, ಮುಂದಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬರು ಇರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಆ ಲೆಕ್ಕ ನಮ್ಮ ಹಳ್ಳಿಗಳನ್ನು ಮುಟ್ಟುವವರೆಗೆ ನಿಮ್ಮ ಮಗನ ನಾಲ್ಕನೇ ತರಗತಿ ಕಾಯುವುದಿಲ್ಲ.

ಕರಾವಳಿಯಲ್ಲಿ ಒಂದು ವಿಷಯ ವಿಶೇಷವಾಗಿ ನೋಡಬೇಕು. ಕಾರವಾರ, ಅಂಕೋಲಾ ಕಡೆ ಮನೆಯಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಘಟ್ಟದ ಮೇಲೆ ಕೆಲವೆಡೆ ಮರಾಠಿ. ಮನೆಯಲ್ಲಿ ಕನ್ನಡ ಆಡದ ಮಗು ಕನ್ನಡ ಓದಲು ತಡಮಾಡಿದರೆ ಅದು ನ್ಯೂನತೆ ಅಲ್ಲ. ಇನ್ನೊಂದು ಕಡೆ, ನಿಜವಾಗಿಯೂ ಕಲಿಕೆಯ ನ್ಯೂನತೆ ಇರುವ ಮಗುವನ್ನು "ಮನೆಭಾಷೆ ಬೇರೆ, ಮುಂದೆ ಸರಿಹೋಗ್ತಾನೆ" ಎಂದು ವರ್ಷಗಟ್ಟಲೆ ಬಿಟ್ಟುಬಿಡುವುದೂ ಇದೆ. ಎರಡನ್ನೂ ಬೇರ್ಪಡಿಸಬಲ್ಲವರು ದಿನಾ ನೋಡುವ ಶಿಕ್ಷಕರೇ. ಇದಕ್ಕೆಂದು ಎನ್‌ಸಿಇಆರ್‌ಟಿಯ 'ಪ್ರಶಸ್ತ್' ಎಂಬ ಪರಿಶೀಲನಾ ಪಟ್ಟಿ ಇದೆ, ಅದರ ಆ್ಯಪ್ 2022ರಲ್ಲಿ ಬಂತು. ಮೊದಲ ಭಾಗವನ್ನು ತರಗತಿ ಶಿಕ್ಷಕರೇ ತುಂಬಬೇಕು. ಅದು ರೋಗನಿರ್ಣಯವಲ್ಲ, ಮುಂದೆ ಯಾರ ಹತ್ತಿರ ಕಳಿಸಬೇಕು ಎಂಬ ಸುಳಿವು ಅಷ್ಟೆ. ನಿಮ್ಮ ಮಗನಿಗೆ ಅದನ್ನು ತುಂಬಿದ್ದಾರಾ ಎಂದು ಕೇಳಿ. ಕಣ್ಣು, ಕಿವಿ ಪರೀಕ್ಷೆ ಆಗಿದೆಯಾ ಎಂದೂ ಕೇಳಿ. ಶಾಲೆಗೆ ಬರುವ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರಕಾರಿ ಯೋಜನೆ) ವೈದ್ಯರ ತಂಡದ ಹತ್ತಿರ ಅದನ್ನು ಮಾಡಿಸಬಹುದು.

ಮುಖ್ಯ ಶಿಕ್ಷಕರ ಕೆಲಸ ಹೆಚ್ಚಾಗಿ ಕಾಗದಪತ್ರದ್ದು, ಆದರೆ ತಪ್ಪಿದರೆ ಪೆಟ್ಟು ದೊಡ್ಡದು. ಮಗುವಿನ ಹೆಸರು ವಿಶೇಷ ಅಗತ್ಯವುಳ್ಳ ಮಕ್ಕಳ ಪಟ್ಟಿಯಲ್ಲಿ ದಾಖಲಾಗದಿದ್ದರೆ ಬೆಂಗಾವಲು ಭತ್ಯೆ, ಸಾರಿಗೆ ಭತ್ಯೆ ಯಾವುದೂ ಬರುವುದಿಲ್ಲ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಬರಬೇಕಾದ ಮಗುವಿಗೆ ಇದು ಸಣ್ಣ ವಿಷಯವೇ? ಹೈಸ್ಕೂಲಿಗೆ ಹೋದ ಮೇಲೆ ಎಸ್‌ಎಸ್‌ಎಲ್‌ಸಿಯಲ್ಲಿ ಬರೆಯುವ ಸಹಾಯಕರು, ಹೆಚ್ಚುವರಿ ಸಮಯ, ಭಾಷೆಯ ವಿನಾಯಿತಿ ಬೇಕಾದರೂ ಅರ್ಜಿ ಹೋಗುವುದು ಶಾಲೆಯ ಮೂಲಕವೇ. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗದು.

ಪ್ರಮಾಣಪತ್ರದ ಬಗ್ಗೆಯೂ ಗೊಂದಲ ಜಾಸ್ತಿ. ಪರೀಕ್ಷೆಯ ರಿಯಾಯಿತಿಗೆ, ಸರಕಾರಿ ಸೌಲಭ್ಯಕ್ಕೆ ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ವೈದ್ಯರ ಪ್ರಮಾಣಪತ್ರ ಬೇಕಾಗುತ್ತದೆ. ಮುಂದಿನ ಬೆಂಚಿನಲ್ಲಿ ಕೂರಿಸಲು, ಓದಿ ಹೇಳಲು ಯಾವ ಪ್ರಮಾಣಪತ್ರವೂ ಬೇಡ. "ಸರ್ಟಿಫಿಕೇಟ್ ತನ್ನಿ, ಆಮೇಲೆ ನೋಡೋಣ" ಎಂದರೆ ಒಪ್ಪಬೇಡಿ.

ಇನ್ನು ಯಾರೂ ಬಾಯಿಬಿಟ್ಟು ಮಾತಾಡದ ವಿಷಯ: ಶೌಚಾಲಯ, ಊಟ. ಕೈಕಾಲು ಆಡದ ಮಗುವನ್ನು ಶೌಚಾಲಯಕ್ಕೆ ಯಾರು ಕರೆದೊಯ್ಯಬೇಕು? ಬಹಳ ಕಡೆ ಇದು ಪಕ್ಕದಲ್ಲಿ ಕೂತ ಮಗುವಿನ ಪಾಲಿಗೆ ಬೀಳುತ್ತದೆ. ಅದು ಇಬ್ಬರು ಮಕ್ಕಳಿಗೂ ಅನ್ಯಾಯ. ಬಿಸಿಯೂಟದ ಅಡುಗೆಯವರ ಮೇಲೆ ಸುಮ್ನೆ ಹೇರುವುದೂ ಸರಿಯಲ್ಲ, ಅವರಿಗೆ ನೂರು ತಟ್ಟೆಗಳ ಕೆಲಸವಿರುತ್ತದೆ. ಜೂನ್‌ನಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ ಸೇರಿದಾಗಲೇ ಪಾಲಕರನ್ನು ಕೂರಿಸಿಕೊಂಡು, ಯಾವ ದೊಡ್ಡವರು ಎಂದು ಹೆಸರು ಹಿಡಿದು ತೀರ್ಮಾನಿಸಿ ಬರೆದಿಡಬೇಕು.

ನೀವು ಈಗ ಮಾಡಬಹುದಾದದ್ದು: ಅಕ್ಕೋರು, ಮುಖ್ಯ ಶಿಕ್ಷಕರು ಇಬ್ಬರ ಜೊತೆಗೂ ಕೂತು, ಈ ಆರು ತಿಂಗಳಲ್ಲಿ ಯಾರು ಏನು ಮಾಡುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಮನೆಯಲ್ಲಿ ನೀವು ಮಾಡುವುದನ್ನೂ ಸೇರಿಸಿ. ಬಿಐಇಆರ್‌ಟಿ ಮುಂದೆ ಯಾವಾಗ ಬರುತ್ತಾರೆ ಎಂಬ ದಿನಾಂಕ ಅದರಲ್ಲಿರಲಿ, ಆ ದಿನ ನೀವೂ ಶಾಲೆಗೆ ಹೋಗಿ. ಇದಕ್ಕೂ ಶಾಲೆ ಒಪ್ಪದಿದ್ದರೆ ಕುಮಟಾದ ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಅಲ್ಲಿಂದ ಮುಂದೆ ಕಾರವಾರದ ಉಪನಿರ್ದೇಶಕರ ಕಚೇರಿ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಶಿರಸಿಯೇ ಬೇರೆ ಶೈಕ್ಷಣಿಕ ಜಿಲ್ಲೆ, ಅವರು ಅಲ್ಲಿಗೆ ಕೊಡಬೇಕು. ಎಲ್ಲಿ ಕೊಟ್ಟರೂ ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ.