ಎರಡನೇ ಸಲ ಕೇಳಿದರೆ ‘ಎಲ್ಲ ಸರಿ’: ಡಿಸ್ಕ್ ಎರರ್‌ಗಳ ಹಳೇ ಜಗಳ

ಒಂದು ಪ್ರೋಗ್ರಾಂ ಫೈಲಿಗೆ 4096 ಬೈಟ್ ಬರೆಯುತ್ತದೆ. ‘ರೈಟ್’ ಕರೆ ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್ ಬಂದು, ಬರೆದಾಯ್ತು ಅನ್ನುತ್ತದೆ. ಡಿಸ್ಕಿಗೆ ಇನ್ನೂ ಏನೂ ಹೋಗಿರುವುದಿಲ್ಲ. ಡೇಟಾ ಕೂತಿರುವುದು ಮೆಮೊರಿಯ ಪೇಜ್ ಕ್ಯಾಶ್ ಅನ್ನೋ ತಾತ್ಕಾಲಿಕ ಜಾಗದಲ್ಲಿ, ಪೇಜ್ ಅನ್ನೋ ತುಣುಕುಗಳಾಗಿ, ‘ಡರ್ಟಿ’ (ಡಿಸ್ಕಿಗೆ ಇನ್ನೂ ಹೋಗಿಲ್ಲ) ಅನ್ನೋ ಗುರುತು ಹೊತ್ತುಕೊಂಡು. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 30 ಸೆಕೆಂಡ್ ದಾಟಿದ ಮೇಲೆ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಅದನ್ನು ಡಿಸ್ಕಿಗೆ ತಳ್ಳುತ್ತದೆ. ಆಗ ಡಿಸ್ಕ್ ‘ಆಗಲ್ಲ’ ಅಂದರೆ? ಬರೆದ ಪ್ರೋಗ್ರಾಂ ಅಷ್ಟೊತ್ತಿಗೆ ಬೇರೆ ಕೆಲಸದಲ್ಲಿರುತ್ತದೆ, ಮುಗಿದೇ ಹೋಗಿದ್ದರೂ ಹೋಗಿರಬಹುದು. ಕೆಟ್ಟ ಸುದ್ದಿ ಇದೆ, ಯಾರಿಗೆ ಹೇಳೋದು?

ಫೈಲ್‌ಸಿಸ್ಟಮ್, ಅಂದರೆ ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ತಂತ್ರಾಂಶ, ಬರೆಯುವವರು ಬಹಳ ಕಾಲ ಈ ಪ್ರಶ್ನೆಯನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಡಿಸ್ಕ್ ಕೆಟ್ಟರೆ ಪೂರ್ತಿ ಕೆಡುತ್ತದೆ, ಇಲ್ಲವಾದರೆ ಚೆನ್ನಾಗಿರುತ್ತದೆ ಅನ್ನೋ ನಂಬಿಕೆ. ಆದರೆ ಡಿಸ್ಕ್ ಹಾಗೆ ಸಾಯುವುದಿಲ್ಲ. ಅಲ್ಲೊಂದು ಇಲ್ಲೊಂದು ಸೆಕ್ಟರ್ (ಡಿಸ್ಕಿನ ಸಣ್ಣ ತುಂಡು) ಕೈಕೊಡುತ್ತದೆ, ಉಳಿದದ್ದೆಲ್ಲ ಓಡುತ್ತಲೇ ಇರುತ್ತದೆ. 2005ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರು ಬೇಕಂತಲೇ ಎರರ್ ತೂರಿಸಿ, ಫೈಲ್‌ಸಿಸ್ಟಮ್‌ಗಳು ಏನು ಮಾಡುತ್ತವೆ ಅಂತ ನೋಡಿದರು. ಲಿನಕ್ಸ್‌ನ ಇಎಕ್ಸ್‌ಟಿ3 ಫೈಲ್‌ಸಿಸ್ಟಮ್ ಎಷ್ಟೋ ರೈಟ್ ಎರರ್‌ಗಳನ್ನು ಸುಮ್ನೆ ನುಂಗಿಕೊಳ್ಳುತ್ತಿತ್ತು. ರೈಸರ್‌ಎಫ್‌ಎಸ್ ಅನ್ನೋ ಫೈಲ್‌ಸಿಸ್ಟಮ್ ಇನ್ನೊಂದು ತುದಿ: ರೈಟ್ ತಪ್ಪಿತೋ, ಇಡೀ ಮಷೀನನ್ನೇ ಪ್ಯಾನಿಕ್ ಮಾಡಿ ನಿಲ್ಲಿಸುತ್ತಿತ್ತು. ನನಗೆ ಕೇಳಿದರೆ ಆ ಒರಟುತನವೇ ವಾಸಿ. ಇವತ್ತಿಗೂ, ಇಎಕ್ಸ್‌ಟಿ3ರ ನಂತರ ಬಂದ ಇಎಕ್ಸ್‌ಟಿ4 ಅನ್ನು ಮೌಂಟ್ ಮಾಡುವಾಗ (ಬಳಕೆಗೆ ಜೋಡಿಸುವಾಗ) ಮೂರು ದಾರಿ ಇವೆ: ತಪ್ಪು ಕಂಡರೂ ಮುಂದುವರಿ, ಓದಲು ಮಾತ್ರ ಬಿಡು, ಇಲ್ಲಾ ಪ್ಯಾನಿಕ್ ಆಗು. ಆದರೆ ಇದು ಫೈಲ್‌ಸಿಸ್ಟಮ್ ತನ್ನ ಲೆಕ್ಕಪತ್ರ ಕಾಯ್ದುಕೊಳ್ಳುವ ಮಾತಾಯ್ತು. ನಿಮ್ಮ ಫೈಲಿನೊಳಗಿನ ಡೇಟಾದ ಕತೆಯೇ ಬೇರೆ.

ಅದು ಬಯಲಾದದ್ದು 2018ರಲ್ಲಿ, ಪೋಸ್ಟ್‌ಗ್ರೆಸ್ ಡೇಟಾಬೇಸ್‌ನವರ ಕೈಯಲ್ಲಿ. ಡೇಟಾಬೇಸ್ ಪ್ರತಿ ಬದಲಾವಣೆಯನ್ನು ಮೊದಲು ಲಾಗ್‌ಗೆ ಬರೆದುಕೊಳ್ಳುತ್ತದೆ. ಆಮೇಲೆ ಆಗಾಗ ‘ಎಫ್‌ಸಿಂಕ್’ ಕರೆದು, ಫೈಲಿನದ್ದೆಲ್ಲ ಡಿಸ್ಕಿಗೆ ಹೋಯ್ತಾ ಅಂತ ಕೇಳುತ್ತದೆ. ಹೋಯ್ತು ಅಂದರೆ ಆ ಲಾಗ್ ಬೇಡ, ಎಸೆಯಬಹುದು. ಈಗ ಎಫ್‌ಸಿಂಕ್ ಇಐಒ (ಓದು-ಬರಹ ಸೋತಿತು) ಅನ್ನೋ ಎರರ್ ಕೊಟ್ಟಿತು ಅಂತಿಟ್ಟುಕೊಳ್ಳಿ. ಡೇಟಾಬೇಸ್ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುತ್ತದೆ. ಈ ಸಲ ಉತ್ತರ: ಸೊನ್ನೆ, ಅಂದರೆ ಎಲ್ಲ ಸರಿ. ಲಾಗ್ ಎಸೆಯುತ್ತದೆ.

ಎಲ್ಲವೂ ಸರಿ ಇರಲಿಲ್ಲ. ಮೊದಲ ಸಲ ಸೋತಾಗಲೇ ಲಿನಕ್ಸ್ ಆ ಪೇಜಿನ ‘ಡರ್ಟಿ’ ಗುರುತು ಅಳಿಸಿಬಿಟ್ಟಿತ್ತು. ಎರಡನೇ ಸಲ ಬರೆಯಲು ಏನೂ ಬಾಕಿ ಇರಲಿಲ್ಲ, ಅದಕ್ಕೇ ‘ಸರಿ’. ಇನ್ನೂ ಕೆಟ್ಟದ್ದೆಂದರೆ, ಪೇಜ್ ಮೆಮೊರಿಯಲ್ಲಿ ಇರೋವರೆಗೆ ಓದಿದರೆ ಹೊಸ ಡೇಟಾನೇ ಕಾಣುತ್ತದೆ. ಅದು ಮೆಮೊರಿಯಿಂದ ಹೊರಬಿದ್ದ ಮೇಲೆ ಡಿಸ್ಕಿನಿಂದ ಹಳೇದು ಎದ್ದು ಬರುತ್ತದೆ. ಕರ್ನಲ್ ಲಾಗ್‌ನಲ್ಲಿ ‘ಲಾಸ್ಟ್ ಅಸಿಂಕ್ ಪೇಜ್ ರೈಟ್’ ಅನ್ನೋ ಒಂದು ಸಾಲು ಇರಬಹುದು. ಅದನ್ನು ಯಾವ ಡೇಟಾಬೇಸ್ ಓದುತ್ತೆ?

ಕರ್ನಲ್‌ನವರದ್ದು ಸೋಮಾರಿತನ ಅಂತ ಅನ್ನೋದಕ್ಕೂ ಬರುವುದಿಲ್ಲ. ಯಾರೋ ಬರೆಯುತ್ತಿರುವಾಗಲೇ ಯುಎಸ್‌ಬಿ ಕಡ್ಡಿ ಕಿತ್ತರು ಅಂತಿಟ್ಟುಕೊಳ್ಳಿ. ಆ ಪೇಜ್‌ಗಳನ್ನು ಡರ್ಟಿಯಾಗೇ ಇಟ್ಟರೆ ಮೆಮೊರಿ ತುಂಬುತ್ತದೆ, ಕಡ್ಡಿ ಮತ್ತೆ ಬರುವ ಭರವಸೆ ಇಲ್ಲ. ಫ್ರೀಬಿಎಸ್‌ಡಿ ಅನ್ನೋ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಮಾತ್ರ ಡರ್ಟಿಯಾಗೇ ಇಟ್ಟುಕೊಂಡು ಮತ್ತೆ ಪ್ರಯತ್ನಿಸುವ ದಾರಿ ಹಿಡಿದಿತ್ತು. ಲಿನಕ್ಸ್‌ನ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್ ಕೂಡ ತನ್ನ ಮೆಟಾಡೇಟಾ, ಅಂದರೆ ಲೆಕ್ಕಪತ್ರದ, ವಿಷಯದಲ್ಲಿ ಹಟ ಹಿಡಿದು ಮತ್ತೆ ಮತ್ತೆ ಬರೆಯುತ್ತಿತ್ತು. ಎಷ್ಟು ಸಲ ಅಂತ ಮಿತಿ ಹಾಕುವ ಅವಕಾಶ ಬಂದದ್ದು 2016ರ 4.7 ಕರ್ನಲ್‌ನಲ್ಲಿ.

ಸುದ್ದಿ ತಲುಪಿಸುವುದರಲ್ಲೂ ತೂತಿತ್ತು. ಹಿಂದೆ ಎರರ್‌ಗೆ ಇದ್ದದ್ದು ಒಂದೇ ಗುರುತು. ಮೊದಲು ಕೇಳಿದವರಿಗೆ ಹೇಳಿ ಅಳಿಸಿಬಿಡುತ್ತಿತ್ತು, ಅದೇ ಫೈಲ್ ತೆರೆದಿದ್ದ ಇನ್ನೊಬ್ಬರಿಗೆ ಗೊತ್ತೇ ಆಗುತ್ತಿರಲಿಲ್ಲ. 2017ರ 4.13 ಕರ್ನಲ್‌ನಲ್ಲಿ ಬಂದ ‘ಎರರ್‌ಸೀಕ್’ ಅದನ್ನು ಸರಿಮಾಡಲು ಹೊರಟಿತು: ಫೈಲ್ ತೆರೆದಿರುವ ಪ್ರತಿಯೊಬ್ಬರಿಗೂ ಒಂದೊಂದು ಸಲ ಸುದ್ದಿ. ಡೇಟಾ ಮಾತ್ರ ಅದರಿಂದ ವಾಪಸ್ ಬರಲಿಲ್ಲ.

ಪೋಸ್ಟ್‌ಗ್ರೆಸ್ 2019ರ ಫೆಬ್ರವರಿಯಲ್ಲಿ ತನ್ನ ನಡೆ ಬದಲಿಸಿತು. ಎಫ್‌ಸಿಂಕ್ ಸೋತರೆ ಎರಡನೇ ಸಲ ಕೇಳಬೇಡ, ಬಿದ್ದುಬಿಡು, ಎದ್ದು ಲಾಗ್‌ನಿಂದ ಮತ್ತೆ ಕಟ್ಟು. ರೈಸರ್‌ಎಫ್‌ಎಸ್‌ನ ಬುದ್ಧಿಯೇ, ಒಂದು ಮಹಡಿ ಮೇಲೆ ಹೋಯ್ತು, ಅಲ್ವಾ?

ಅದೂ ಸಾಲದು ಅಂತ 2020ರಲ್ಲಿ ಗೊತ್ತಾಯಿತು. ಮತ್ತೆ ವಿಸ್ಕಾನ್ಸಿನ್‌ನವರೇ ಪೋಸ್ಟ್‌ಗ್ರೆಸ್, ಎಸ್‌ಕ್ಯೂಲೈಟ್, ರೆಡಿಸ್, ಲೆವೆಲ್‌ಡಿಬಿ, ಎಲ್‌ಎಂಡಿಬಿ, ಹೀಗೆ ಡೇಟಾ ಉಳಿಸಿಡುವ ಐದು ತಂತ್ರಾಂಶಗಳನ್ನೂ ಪರೀಕ್ಷೆಗೆ ಹಚ್ಚಿದರು. ಎಫ್‌ಸಿಂಕ್ ಸೋತ ಮೇಲೆ ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮ್ ಪೇಜನ್ನು ಹಳೇ ಸ್ಥಿತಿಗೆ ತಿರುಗಿಸುತ್ತದೆ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಹೊಸದನ್ನೇ ಮೆಮೊರಿಯಲ್ಲಿ ಉಳಿಸಿಕೊಳ್ಳುತ್ತವೆ. ಹೀಗಾಗಿ ಡೇಟಾಬೇಸ್ ಬಿದ್ದು ಎದ್ದು ಲಾಗ್ ಓದಲು ಹೋದರೂ, ಮಷೀನ್ ರೀಬೂಟ್ ಆಗಿಲ್ಲದಿದ್ದರೆ, ಅದಕ್ಕೆ ಸಿಗುವುದು ಡಿಸ್ಕಿನಲ್ಲಿ ಇಲ್ಲದ, ಕ್ಯಾಶ್‌ನಲ್ಲಿ ಮಾತ್ರ ಉಳಿದಿರುವ ಲಾಗ್ ಆಗಿರಬಹುದು.