ಇನ್‌ಫೈಟಿಂಗ್ ಅಂದರೆ ತಬ್ಬಿಕೊಳ್ಳುವುದಲ್ಲ

ಇಬ್ಬರು ಬಾಕ್ಸರ್‌ಗಳು ತಬ್ಬಿಕೊಂಡು ನಿಂತರೆ ಸಾಕು, ‘ಇನ್‌ಫೈಟಿಂಗ್ ಶುರುವಾಯ್ತು’ ಅಂತ ಬರೆದುಬಿಡುತ್ತಾರೆ. ಅದು ಕ್ಲಿಂಚ್ ಕಣ್ರಿ. ಸುಸ್ತಾದವನೋ ಏಟು ತಿಂದು ತಲೆ ತಿರುಗಿದವನೋ ಎದುರಾಳಿಯ ಕೈ ಕಟ್ಟಿಹಾಕಿ ಉಸಿರು ಎಳೆದುಕೊಳ್ಳುವ ಉಪಾಯ. ರೆಫರಿ ‘ಬ್ರೇಕ್’ ಅಂತ ಕೂಗುವುದು ಅದಕ್ಕೇ. ಇನ್‌ಫೈಟಿಂಗ್ ಅಂದರೆ ತೀರಾ ಹತ್ತಿರ ನಿಂತು ಗುದ್ದಾಡುವುದು; ಅದರಲ್ಲಿ ಕೈ ಬಿಡುವಾಗಿರುತ್ತದೆ, ಗುದ್ದು ಬೀಳುತ್ತಲೇ ಇರುತ್ತದೆ. ಅದನ್ನು ತಡೆಯುವುದಕ್ಕೇ ಕ್ಲಿಂಚ್ ಮಾಡುತ್ತಾರೆ. ಎರಡೂ ಒಂದೇ ಆಗುವುದು ಹೇಗೆ?

ಪದದಲ್ಲಿರುವ ‘ಇನ್’ ಅಂದರೆ ಎದುರಾಳಿಯ ತೋಳಳತೆಯ ಒಳಗೆ. ನೇರ ಗುದ್ದಿಗೆ ಕೈ ಚಾಚಲು ಜಾಗವೇ ಸಿಗದಷ್ಟು ಹತ್ತಿರ. ಪಕ್ಷಗಳ ಕಿತ್ತಾಟಕ್ಕೂ ಇದೇ ಪದ ಬಳಸುತ್ತಾರೆ ನಿಜ. ಆದರೆ 19ನೇ ಶತಮಾನದ ಆರಂಭದಲ್ಲೇ ಇದು ಬಾಕ್ಸಿಂಗ್ ಮಾತಾಗಿತ್ತು, ರಾಜಕೀಯಕ್ಕೆ ಹೋಗಿದ್ದು ಆಮೇಲೆ.

ಇದಕ್ಕಿಂತ ಜಾಸ್ತಿ ತಲೆಕೆಡಿಸುವುದು ಇನ್ನೊಂದು ನಂಬಿಕೆ: ಹತ್ತಿರದ ಏಟಿಗೆ ಜೋರಿಲ್ಲ, ಕೈ ಹಿಂದಕ್ಕೆಳೆದು ಬೀಸಿದರೇ ಜೋರು ಅಂತ. ಕೈ ಹಿಂದಕ್ಕೆ ಹೋದರೆ ಏಟು ಬರುತ್ತಿದೆ ಅಂತ ಎದುರಿನವನಿಗೆ ಮೊದಲೇ ಗೊತ್ತಾಗುತ್ತದೆ, ಅಷ್ಟೇ. ಬಲ ಹುಟ್ಟುವುದು ಕಾಲಲ್ಲಿ. ಪಾದ ನೆಲ ಒತ್ತುತ್ತದೆ, ಸೊಂಟ ತಿರುಗುತ್ತದೆ, ಆಮೇಲೆ ಎದೆ, ಭುಜ, ಕೊನೆಗೆ ಮುಷ್ಟಿ. ಸೊಂಟ ತಿರುಗಲು ಅಡಿಗಟ್ಟಲೆ ಜಾಗ ಯಾಕೆ ಬೇಕು?

ಎಡ ಹುಕ್ ತೆಗೆದುಕೊಳ್ಳಿ, ಅಂದರೆ ಎಡಗೈ ಮಡಚಿ ಪಕ್ಕದಿಂದ ಕೊಡುವ ಗುದ್ದು. ಮೊಣಕೈ ಸುಮಾರು 90 ಡಿಗ್ರಿ ಮಡಚಿ ಬಿಗಿಯಾಗಿರುತ್ತದೆ. ಎಡಗಾಲಿನ ಮೇಲಿದ್ದ ತೂಕ ಬಲಗಾಲಿಗೆ ಹೋಗುತ್ತಿದ್ದಂತೆ ಇಡೀ ಮೈ ಬಾಗಿಲು ಮುಚ್ಚಿಕೊಂಡ ಹಾಗೆ ತಿರುಗುತ್ತದೆ, ತೋಳು ಅದರ ಜೊತೆಗೇ ಬರುತ್ತದೆ. ಮೈಗಿಂತ ಮೊದಲು ತೋಳು ಹೊರಟರೆ ಅದು ಬರೀ ತೋಳಿನ ಏಟು, ಹತ್ತು ಕೊಟ್ಟರೂ ಎದುರಿನವನು ಕದಲುವುದಿಲ್ಲ. ಕೆಳಗಿನಿಂದ ಮೇಲಕ್ಕೆ ಕೊಡುವ ಅಪ್ಪರ್‌ಕಟ್‌ಗೆ ಬಗ್ಗಿದ ಮೊಣಕಾಲು ಮೇಲೇಳುವುದೇ ಬಂಡವಾಳ. ಕೈಯನ್ನು ಸೊಂಟದ ತನಕ ಇಳಿಸಿದರೆ ಅಷ್ಟು ಹೊತ್ತೂ ಗದ್ದಕ್ಕೆ ಕಾವಲಿಲ್ಲ.

ಎದುರಾಳಿಯ ಮೇಲೆ ಪೂರ್ತಿ ಒರಗಿದರೂ ಕೆಟ್ಟಿತು, ಸೊಂಟ ತಿರುಗುವುದಿಲ್ಲ. ಬಲ್ಲವರು ತಲೆಯನ್ನು ಅವನ ಭುಜದ ಹತ್ತಿರ ಇಟ್ಟುಕೊಂಡು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಯುತ್ತಾರೆ. ಮೊಣಕೈಗೆ ಸಂದು ಸಿಕ್ಕಿತು. ಅಲ್ಲಿಂದ ಎಡ ಹುಕ್ ಹೋಗುವುದು ಬಲಪಕ್ಕೆಯ ಲಿವರ್‌ಗೆ.

ಹತ್ತಿರದ ಏಟಿಗೆ ಉದಾಹರಣೆ ಕೇಳಿದರೆ ಎಲ್ಲರೂ 1971ರ ಜೋ ಫ್ರೇಜಿಯರ್ ಹುಕ್ ತೋರಿಸುತ್ತಾರೆ, 15ನೇ ಸುತ್ತಿನಲ್ಲಿ ಮೊಹಮ್ಮದ್ ಅಲಿಯನ್ನು ಕೆಡವಿದ್ದು. ಹುಕ್ ಅಮೋಘ, ಉದಾಹರಣೆ ತಪ್ಪು. ಅದು ಕೆಳಗಿನಿಂದ ಅಗಲವಾಗಿ ಬೀಸಿ ಬಂದ ಏಟು. ರಾಕಿ ಮಾರ್ಸಿಯಾನೊ 1952ರ ಸೆಪ್ಟೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಆಗಿನ ಚಾಂಪಿಯನ್ ವಾಲ್ಕಾಟ್‌ಗೆ ಕೊಟ್ಟ ಬಲಗೈ ಏಟು ನೋಡಿ. ಪಾಯಿಂಟ್‌ನಲ್ಲಿ ಹಿಂದಿದ್ದವನು 13ನೇ ಸುತ್ತಿನಲ್ಲಿ ಒಂದು ಗಿಡ್ಡ ಗುದ್ದಿನಿಂದ ಹೆವಿವೇಟ್ ಪಟ್ಟ ಕಿತ್ತುಕೊಂಡ.

ಒಂದೇ ಏಟಲ್ಲ, ಇಡೀ ಆಟವೇ ನೋಡಬೇಕಿದ್ದರೆ 1980ರ ಜೂನ್, ಮಾಂಟ್ರಿಯಲ್. ಚುರುಕು ಕಾಲಿನ ಶುಗರ್ ರೇ ಲಿಯೊನಾರ್ಡ್‌ನನ್ನು ರಾಬರ್ಟೊ ಡುರಾನ್ ರಿಂಗಿನ ಹಗ್ಗಕ್ಕೆ ಒತ್ತಿ, ಹತ್ತಿರ ನಿಂತೇ ಗುದ್ದಿ 15 ಸುತ್ತಿನ ಪಂದ್ಯ ಗೆದ್ದ. ಅದೇ ವರ್ಷ ನವೆಂಬರ್‌ನ ಮರುಪಂದ್ಯದಲ್ಲಿ ಲಿಯೊನಾರ್ಡ್ ಹಾಗೆ ನಿಂತು ಆಡಲು ಒಪ್ಪಲಿಲ್ಲ, ಸುತ್ತುತ್ತಲೇ ಇದ್ದ. ಎಂಟನೇ ಸುತ್ತಿನಲ್ಲಿ ಡುರಾನ್ ತಾನಾಗಿಯೇ ಆಟ ಬಿಟ್ಟ.