ಪೈಲ್ವಾನ್ ಮೈಗೆ ಐವತ್ತು ಕಿಲೋಮೀಟರ್

ಧಾರವಾಡದಲ್ಲಿ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬರುವ ಓಟಗಾರರಲ್ಲಿ ಈಗೀಗ ಜಿಮ್ ಹುಡುಗರು, ಗರಡಿಮನೆಯಲ್ಲಿ ಪಳಗಿದವರು ಜಾಸ್ತಿ. ಮ್ಯಾರಥಾನ್ ಮುಗಿಸಿ ಐವತ್ತು ಕಿಲೋಮೀಟರಿಗೆ ಕಣ್ಣು ಹಾಕಿದವರು. "ಸರ್, ಇಷ್ಟು ಮೈ ಇಟ್ಕೊಂಡು ಓಡೂದು ಆಗ್ತೈತೇನ್ರಿ? ಸ್ವಲ್ಪ ಇಳಸ್ಲೇನು?" ಅಂತ ಕೇಳುತ್ತಾರೆ.

ಆಗುತ್ತದೆ, ಆದರೆ ಖರ್ಚು ಜಾಸ್ತಿ. ಒಂದು ಕಿಲೋ ತೂಕ ಒಂದು ಕಿಲೋಮೀಟರ್ ಓಡಲು ಸುಮಾರು ಒಂದು ಕ್ಯಾಲರಿ ಬೇಕು. 60 ಕಿಲೋದವನಿಗೆ ಐವತ್ತು ಕಿಲೋಮೀಟರಿಗೆ 3,000 ಆದರೆ, 84 ಕಿಲೋದವನಿಗೆ 4,200. ಭುಜ, ಎದೆ, ತೋಳು ಓಟದಲ್ಲಿ ದುಡಿಯುವುದು ಕಡಿಮೆ. ಅವನ್ನೆಲ್ಲ ಹೊರುವುದು ಕಾಲು.

ಮೈ ದೊಡ್ಡದಿದ್ದರೆ ಹೊಟ್ಟೆಯೂ ಅಷ್ಟೇ ಜಾಸ್ತಿ ಅರಗಿಸುತ್ತದೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಓಡುವಾಗ ಗ್ಲೂಕೋಸ್ ಒಂದೇ ಆದರೆ ಮೈಗೆ ದಕ್ಕುವುದು ಗಂಟೆಗೆ ಸುಮಾರು 60 ಗ್ರಾಂ, ಅಂದರೆ 240 ಕ್ಯಾಲರಿ. ಫ್ರಕ್ಟೋಸ್ ಬೆರೆಸಿ, ಹೊಟ್ಟೆಗೆ ರೂಢಿ ಮಾಡಿಸಿದರೆ 90 ಗ್ರಾಂವರೆಗೆ. ಈ ಮಿತಿ ತೂಕ ನೋಡಿ ಏರುವುದಿಲ್ಲ. ಇಬ್ಬರೂ ಏಳು ಗಂಟೆ ಓಡಿದರು, ಗಂಟೆಗೆ 60 ಗ್ರಾಂ ತಿಂದರು ಅನ್ನಿ. ತೆಳ್ಳಗಿನವನಿಗೆ ಕೊರತೆ 1,320 ಕ್ಯಾಲರಿ, ಪೈಲ್ವಾನನಿಗೆ 2,520. ಅದನ್ನು ಮೈಯೊಳಗಿನ ಗ್ಲೈಕೋಜನ್ (ಸ್ನಾಯು, ಲಿವರಿನಲ್ಲಿ ಕೂಡಿಟ್ಟ ಸಕ್ಕರೆ), ಕೊಬ್ಬು ತುಂಬಬೇಕು. ತೋಳಿನಲ್ಲಿ ಎಷ್ಟೇ ಗ್ಲೈಕೋಜನ್ ಇದ್ದರೂ ಅದು ಗ್ಲೂಕೋಸ್ ಆಗಿ ರಕ್ತಕ್ಕೆ ಇಳಿದು ತೊಡೆಗೆ ಬರುವುದಿಲ್ಲ. ಹಾಗೆ ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಲಿವರಿನಲ್ಲಿದೆ, ಸ್ನಾಯುವಿನಲ್ಲಿಲ್ಲ. ಹಾಗಾಗಿ ಕೊಬ್ಬನ್ನೇ ಜಾಸ್ತಿ ಉರಿಸಬೇಕು, ಅದಕ್ಕೆ ನಿಧಾನವಾಗಿ ಓಡಬೇಕು. ಪಕ್ಕದವರ ಜೊತೆ ಮಾತಾಡುತ್ತ ಓಡುವಷ್ಟು ನಿಧಾನ. ಗರಡಿ ಹುಡುಗರಿಗೆ ಇದೇ ಕಷ್ಟ!

"ಪೇಢಾ ತಿಂದ್ರ ನಡೀತದೇನ್ರಿ?" ಅಂತಲೂ ಕೇಳುತ್ತಾರೆ. ಧಾರವಾಡ ಅಲ್ವಾ. ಖೋವಾದ ಕೊಬ್ಬು ಹೊಟ್ಟೆಯಲ್ಲೇ ಬಹಳ ಹೊತ್ತು ಕೂರುತ್ತದೆ. ಓಟ ಮುಗಿದ ಮೇಲೆ ತಿನ್ನಿ.

ಬಿಸಿಲಿನಲ್ಲಿ ಇನ್ನೂ ಒಂದು ತೊಂದರೆ. ಉರಿಸಿದ ಶಕ್ತಿಯ ಮುಕ್ಕಾಲು ಪಾಲು ಶಾಖವಾಗುತ್ತದೆ. ದೊಡ್ಡ ಮೈಗೆ ತೂಕಕ್ಕೆ ತಕ್ಕಷ್ಟು ಚರ್ಮ ಇಲ್ಲ, ಶಾಖ ಹೊರಗೆ ಹೋಗುವುದು ತಡ. ಏಪ್ರಿಲ್‌ನಲ್ಲಿ ಹುಬ್ಬಳ್ಳಿಯಲ್ಲಿ ಓಡುವವರು ಬೆಳಗಿನ ಜಾವವೇ ಹೊರಡಲಿ.

ಸೈಕಲ್‌ನವರ ಕಥೆ ಬೇರೆ. 200 ಕಿಲೋಮೀಟರ್ ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹದಿಮೂರೂವರೆ ಗಂಟೆ ಸಮಯ ಇರುತ್ತದೆ. ಗದಗದ ಕಡೆಯ ಬಯಲು ರಸ್ತೆಯಲ್ಲಿ ಎದುರಿಗಿರುವುದು ಗಾಳಿ, ಅಲ್ಲಿ ತೂಕ ಅಷ್ಟಾಗಿ ಕಾಡುವುದಿಲ್ಲ. ಅಂಕೋಲಾದಿಂದ ವಾಪಸ್ ಬರುವಾಗ ಅರಬೈಲ್ ಘಾಟ್ ಹತ್ತುವಾಗ ಒಂದೊಂದು ಕಿಲೋನೂ ಗೊತ್ತಾಗುತ್ತದೆ.

ಹಾಗಂತ ಉಪವಾಸ ಬಿದ್ದು ಸ್ನಾಯು ಕರಗಿಸಬೇಡಿ. ಕಪ್ಪತಗುಡ್ಡದಂಥ ಕಡೆ ಓಡುವಾಗ ಏರಿಗಿಂತ ಇಳಿಜಾರೇ ತೊಡೆ ಮುರಿಯುತ್ತದೆ. ಪ್ರತಿ ಹೆಜ್ಜೆಗೂ ತೊಡೆಯ ಮುಂದಿನ ಸ್ನಾಯು ಎಳೆಯುತ್ತಲೇ ಉದ್ದವಾಗುತ್ತದೆ, ಎಳೆಗಳು ಹರಿಯುತ್ತವೆ. ಬೈಠಕ್ ಹೊಡೆದ ತೊಡೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸ್ಪರ್ಧೆಗೆ ಎರಡು ಮೂರು ವಾರ ಮೊದಲು ಒಮ್ಮೆ ಸಣ್ಣ ಇಳಿಜಾರಿನಲ್ಲಿ ಓಡಿ. ಎರಡು ದಿನ ನೋವು ಇರುತ್ತದೆ, ಆದರೆ ಮುಂದಿನ ಸಲ ಪೆಟ್ಟು ಕಡಿಮೆ.

ಓಟದ ನಡುವೆ ನೋವಿನ ಮಾತ್ರೆ ಮಾತ್ರ ಬೇಡ. ನೀರು ಕಡಿಮೆಯಾದ ಮೈಯಲ್ಲಿ ಐಬುಪ್ರೊಫೆನ್‌ನಂಥವು ಕಿಡ್ನಿಗೆ ಪೆಟ್ಟು ಕೊಡಬಲ್ಲವು. ಓಟ ಮುಗಿದ ಮೇಲೆ ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ರಕ್ತಕ್ಕೆ ಸೇರಿರಬಹುದು. ಆಗ ನನ್ನ ಹತ್ತಿರ ಮಸಾಜಿಗೆ ಬರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.